ಎದ್ದ ಹಾಳೆ

ಹೊರಡುವ ಮೊದಲು

ನಾವು ಊರು ನೋಡಲು ಹೋದವರಲ್ಲ, ಅವ್ವನ ಕಣ್ಣು ತೋರಿಸಲು ಹೋದವರು. ಆದರೂ ಹನ್ನೊಂದು ದಿನ ಬೇರೆ ಮಾತಿನ ಊರಲ್ಲಿದ್ದು, ಅಲ್ಲಿನ ನೀರು ಕುಡಿದು, ಅಲ್ಲಿನ ಬಿಸಿಲಿಗೆ ಕಪ್ಪಾಗಿ ಬಂದ ಮೇಲೆ ಅದನ್ನು ಪ್ರವಾಸ ಅನ್ನದೆ ಏನನ್ನಲಿ? ಗದಗಿನ ನಮ್ಮ ಓಣಿಯ ಲೆಕ್ಕದಲ್ಲಿ ಮಾತು ಬದಲಾದಲ್ಲಿಂದ ಪರದೇಶ ಶುರು. ಚೆನ್ನೈಗೆ ಹೊರಟಿದ್ದೇವೆ ಎಂದು ಅವ್ವ ಹೇಳಿದಾಗ ಪಕ್ಕದ ಮನೆಯ ಮುದುಕಿ, "ಹಡಗಿನ್ಯಾಗ ಹೋಗ್ತೀರೇನ?" ಎಂದು ಕೇಳಿದ್ದಳು.

ಅವ್ವ ಮೂವತ್ತನಾಲ್ಕು ವರ್ಷದಿಂದ ಒಂದೇ ಕೆಲಸ ಮಾಡುತ್ತಾಳೆ. ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚಿ ಪುಸ್ತಕದ ಫಾರಂ, ಅಂದರೆ ಹೊಲಿಗೆಗೆ ಹೋಗುವ ಪುಟಗಳ ಕಟ್ಟು, ಮಾಡುವುದು. ಬೈಂಡಿಂಗ್ ಮನೆಯಲ್ಲಿ ಹೆಂಗಸರು ಸಾಲಾಗಿ ನೆಲಕ್ಕೆ ಕೂತು, ಎಲುಬಿನ ಪಟ್ಟಿಯಿಂದ ಮಡಿಕೆ ಉಜ್ಜಿ, ಒಂದರ ಮೇಲೊಂದು ಒಟ್ಟಿ, ಮೇಲೆ ಕಲ್ಲು ಹೇರುತ್ತಾರೆ. ಹಾಳೆ ಚಪ್ಪಟೆ ಮಲಗಬೇಕು. ಎಲ್ಲಿಯಾದರೂ ಒಂದು ಎದ್ದು ನಿಂತರೆ ಅದು ತಪ್ಪು. "ಎದ್ದ ಹಾಳಿ ಕೆಟ್ಟ ಹಾಳಿ" ಎಂಬುದು ಅಲ್ಲಿಯ ಮಾತು. ಅವ್ವ ಮಡಚಿದ ಪುಸ್ತಕಗಳನ್ನು ಎಷ್ಟು ಮಕ್ಕಳು ಓದಿದ್ದಾರೋ ಯಾರಿಗೆ ಗೊತ್ತು. ಅವಳಿಗೆ ಮಾತ್ರ ಅದರೊಳಗಿನ ಒಂದಕ್ಷರವೂ ಬರುವುದಿಲ್ಲ.

ನಾನು ಬಿಎಸ್ಸಿ, ಬಿಎಡ್. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತಾಯಿಯ ಕಡೆ, ತಂದೆಯ ಕಡೆ, ಎರಡೂ ಕಡೆ ಸೇರಿಸಿ ಡಿಗ್ರಿ ಮುಗಿಸಿದ ಮೊದಲನೆಯವಳು. ಇದನ್ನು ಹೇಳುವ ಅವಕಾಶ ಸಿಕ್ಕಲ್ಲೆಲ್ಲ ಹೇಳುತ್ತೇನೆ, ಸುಮ್ಮನೆ ಬಂದದ್ದಲ್ಲ ಅದು.

ಅವ್ವನ ಬಲಗಣ್ಣು ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಅದನ್ನು ಯಾರಿಗೂ ಹೇಳದೆ, ಬೆರಳ ತುದಿಯಿಂದ ಅಂಚು ಹೊಂದಿಸಿಕೊಂಡು ಕೆಲಸ ಮಾಡಿದ್ದಳು. ಎಡಗಣ್ಣೂ ಮಂಕಾಗಿ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ ಮೇಲೆ ಗೊತ್ತಾಯಿತು. ನಮ್ಮೂರಿನ ಡಾಕ್ಟರು ಕಣ್ಣೊಳಗಿನ ಒತ್ತಡ ಏರಿದೆ ಎಂದು ಚೀಟಿ ಬರೆದು ಚೆನ್ನೈಗೆ ಕಳಿಸಿದರು. ರೈಲು ಹತ್ತುವಾಗ ಅವ್ವನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಕಣ್ಣು ಸರಿಮಾಡಿಸಿಕೊಂಡು ಮಡಿಕೆಗೆ ವಾಪಸು ಹೋಗುವುದು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಒಂದೇ: ಏನೇ ಆಗಲಿ, ಇನ್ನು ಅವಳನ್ನು ಅಲ್ಲಿಗೆ ಕಳಿಸಬಾರದು. ಮಗಳನ್ನು ಊರೆಲ್ಲ ಮೇಡಂ ಅನ್ನುವಾಗ ತಾಯಿ ನೆಲಕ್ಕೆ ಕೂತು ಹಾಳೆ ಉಜ್ಜುವುದು ನನಗೆ ಸರಿ ಕಾಣುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಸೆಂಟ್ರಲ್ ಸ್ಟೇಷನ್

ಇಳಿದ ಕೂಡಲೆ ಅವ್ವ ನನ್ನ ಸೆರಗು ಹಿಡಿದಳು. ಚಿಕ್ಕವಳಿದ್ದಾಗ ಸಂತೆಯಲ್ಲಿ ನಾನು ಅವಳದನ್ನು ಹಿಡಿಯುತ್ತಿದ್ದ ಹಾಗೆಯೇ, ಎರಡು ಬೆರಳಿನಲ್ಲಿ. ಪೋರ್ಟರು, ಹೂ ಮಾರುವವಳು, ಟಿಕೆಟ್ ಕೊಡುವವನು ಎಲ್ಲರೂ "ಅಮ್ಮಾ, ಅಮ್ಮಾ" ಎಂದು ಕರೆಯುತ್ತಿದ್ದರು. ಅವ್ವ ಪ್ರತಿಸಲ ನಿಂತು "ಏನಪಾ?" ಎಂದು ತಿರುಗುತ್ತಿದ್ದಳು.

"ನಿನ್ನ ಕರಿಯಾಕತ್ತಿಲ್ಲ ಬೇ. ಇಲ್ಲೆ ಎಲ್ಲಾರಿಗೂ ಹಂಗ ಅಂತಾರ."

"ಕರದ್ರ ನೋಡಬಾರದೇನ? ಯಾವ ಊರಿನ ರೀತಿ ಇದು," ಅಂದಳು. ಆ ದಿನ ಅವಳು ಒಟ್ಟು ಎಷ್ಟು ಮಂದಿಗೆ ಉತ್ತರ ಕೊಟ್ಟಳೋ. ಎದುರಿನ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ಮಾಂಬಲಂನಲ್ಲಿ ಇಳಿಯುವಷ್ಟರಲ್ಲಿ ಇಬ್ಬರ ಸೀರೆಯೂ ಬೆನ್ನಿಗೆ ಅಂಟಿತ್ತು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಬೆವರು ಕಾಣುವ ಮೊದಲೇ ಆರುತ್ತದೆ. ಅಲ್ಲಿಯ ಬಿಸಿಲು ಒದ್ದೆ ಕಂಬಳಿಯ ಹಾಗೆ ಮೈಮೇಲೆ ಕೂರುತ್ತದೆ.

ವೆಸ್ಟ್ ಮಾಂಬಲಂ

ನಮಗೆ ಕೋಣೆ ಕೊಟ್ಟವರು ಗಿರಿಜಮ್ಮ. ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು, ಎಪ್ಪತ್ತರ ಆಸುಪಾಸು. ಅವರ ಅಜ್ಜ ಬಳ್ಳಾರಿಯಿಂದ ಹತ್ತಿ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತರಂತೆ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ನಮ್ಮ ಶಾಲೆಯ ಒಬ್ಬ ಮೇಷ್ಟರ ಪರಿಚಯದಿಂದ ಅವರ ವಿಳಾಸ ಸಿಕ್ಕಿತ್ತು.

"ವಾಂಗೊ ವಾಂಗೊ, ಒಳಗೆ ಬನ್ನಿ. ಕಾಲು ತೊಳಕೊಳ್ಳಿ. ಕಾಫಿ ಕೊಂಜಂ ಹೆಚ್ಚೇ ಹಾಕ್ತೀನಿ, ಬೇಡ ಅನ್ನಬಾರದು," ಅಂದರು. ಲೋಟವನ್ನು ತುಟಿಗೆ ತಾಗಿಸದೆ, ಮೇಲಿಂದ ಬಾಯಿಗೆ ಸುರಿದುಕೊಂಡು ಕುಡಿಯುವವರನ್ನು ಅವ್ವ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವಳ ಆತಂಕವೆಲ್ಲ ಕೆಳಗಿದ್ದ ಮೇಜಿನ ಮೇಲೆ. "ಯಕ್ಕಾ, ಹಾಳಿ ಮ್ಯಾಲ ಸಿಡದೀತು!" ಎಂದು ಕೂಗಿಯೇಬಿಟ್ಟಳು.

ಮೇಜಿನ ತುಂಬ ಹಾಳೆಯೇ. ಓಣಿಯ ಮನೆಗಳಿಗೆ ಬಂದ ಮದುವೆ ಕರೆಯೋಲೆಗಳನ್ನು ಮದುವೆ ಮುಗಿದ ಮೇಲೆ ಗಿರಿಜಮ್ಮ ಕೇಳಿ ತರುತ್ತಾರೆ. ಆ ದಪ್ಪ ಕಾಗದದಿಂದ ಪಾಪ್ ಅಪ್ ಮಾಡುತ್ತಾರೆ. ಮುಚ್ಚಿದಾಗ ಸಾದಾ ಕಾರ್ಡು. ಬಿಚ್ಚಿದರೆ ಒಳಗಿನಿಂದ ಒಂದು ಮನೆ, ಒಂದು ಆನೆ, ಒಂದು ಗೋಪುರ ಎದ್ದು ನಿಲ್ಲುತ್ತದೆ. ಅದೇ ಊರಿನ ಅಣ್ಣಾ ನಗರ್‌ನಲ್ಲಿರುವ ಮೊಮ್ಮಕ್ಕಳಿಗಾಗಿ ಶುರುಮಾಡಿದ್ದಂತೆ. "ಆ ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ರೆ ತಮಿಳಲ್ಲೇ ಪದಿಲ್ ಹೇಳೋದು. ಸರಿ, ಮಾತೇ ಬೇಡ, ಇದನ್ನ ಬಿಚ್ಚಿ ನೋಡ್ರಪ್ಪಾ ಅಂದೆ."

ನನಗೆ ನೋಡಿದ ಕೂಡಲೆ ಆಸೆ ಹತ್ತಿತು. ಘನಾಕೃತಿಗಳನ್ನು ಬೋರ್ಡಿನ ಮೇಲೆ ಬರೆದು ಬರೆದು ಸೋತವಳು ನಾನು. ಇದನ್ನು ಕಲಿತರೆ ತರಗತಿಯಲ್ಲಿ ಪೆಟ್ಟಿಗೆಯನ್ನು ಎದ್ದು ನಿಲ್ಲಿಸಿಯೇ ತೋರಿಸಬಹುದು. ಗಿರಿಜಮ್ಮ ಮಸಿ ತೀರಿದ ಬಾಲ್ ಪೆನ್ನು ಕೈಗೆ ಕೊಟ್ಟರು. ಮಡಚುವ ಗೆರೆಯ ಮೇಲೆ ಅದರಿಂದ ಒತ್ತಿ ಎಳೆದರೆ ಕಾಗದ ಹರಿಯುವುದಿಲ್ಲ, ಗುರುತು ಬೀಳುತ್ತದೆ, ಮಡಿಕೆ ಹೇಳಿದ ಕಡೆ ಬರುತ್ತದೆ. ಅವರು ಅಳತೆಪಟ್ಟಿ ಮುಟ್ಟುವುದಿಲ್ಲ. ನಾನು ಕೋನಮಾಪಕ ತೆಗೆದೆ.

"ಏನು ಕಣ್ಣಾ, ಮನೆ ಕಟ್ಟೋಕೆ ಇಂಜಿನಿಯರ್ ಬಂದ್ಬಿಟ್ಯಾ?"

"ಗಣಿತ ಓದೇನ್ರಿ ಅಮ್ಮಾ. ಕೋನ ಸರಿ ಇದ್ರ ನಿಲ್ಲಾಕಬೇಕು."

ಅವ್ವ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಕಾಗದ ಎದ್ದು ನಿಲ್ಲುವುದನ್ನು ಇಷ್ಟು ಕಷ್ಟಪಟ್ಟು ಕಲಿಯುವ ಜನ ಇದ್ದಾರೆ ಎಂಬುದನ್ನು ಅವಳಿಗೆ ನಂಬಲಾಗಲಿಲ್ಲ.

ಆಸ್ಪತ್ರೆ

ಅಲ್ಲಿ ಮಾಡಿದ ಒಂದು ಪರೀಕ್ಷೆಯ ಬಗ್ಗೆ ಹೇಳಲೇಬೇಕು. ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ ಕೂರಬೇಕು. ಅಲ್ಲಿ ಇಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗ ಮಾತ್ರ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಲ್ಲೆಲ್ಲಿ ದೃಷ್ಟಿ ಉಳಿದಿದೆ ಎಂಬುದರ ನಕಾಶೆ ಹಾಗೆ ಬರುತ್ತದೆ.

ನರ್ಸು ತಮಿಳಿನಲ್ಲಿ, ಕೈಸನ್ನೆ ಮಾಡಿ ಹೇಳಿದಳು, ತಿಳಿದಷ್ಟನ್ನು ನಾನು ಅವ್ವನಿಗೆ ಹೇಳಿದೆ. ಅವ್ವ ಕೂತವಳೇ ಗುಂಡಿ ಒತ್ತಲು ಶುರುಮಾಡಿದಳು. ಟಕ್ ಟಕ್ ಟಕ್, ನಿಲ್ಲಿಸುವುದೇ ಇಲ್ಲ. ಫಲಿತಾಂಶ ನೋಡಿ ನರ್ಸು ನಕ್ಕಳು. ಆ ಹಾಳೆಯ ಪ್ರಕಾರ ಅವ್ವನಿಗೆ ಬೆನ್ನ ಹಿಂದೆಯೂ ಕಣ್ಣಿರಬೇಕಿತ್ತು.

"ಕಂಡಾಗಷ್ಟೇ ಒತ್ತಬೇಕಾಗಿತ್ತು ಬೇ."

"ಒತ್ತೂದ ಕೆಲಸ ಅಂದಿ. ಕೆಲಸಾ ಕೊಟ್ಟಮ್ಯಾಲ ಕೈ ನಿಲ್ಲಸಿದ್ರ ಅವ್ರು ಏನಂದಾರು?" ಅಂದಳು. ಆಮೇಲೆ ಮೆಲ್ಲಗೆ, "ಕಾಣವಲ್ದು ಅಂತ ಬರಕೊಂಡ್ರ ಬೈಂಡಿಂಗಿಗೆ ಬಿಡ್ತಾರೇನ?" ಎಂದು ಸೇರಿಸಿದಳು.

ಆಗ ನನಗೆ ತಿಳಿಯಿತು. ಅರ್ಥವಾಗದೆ ಒತ್ತಿದ್ದು ಸ್ವಲ್ಪ, ಹೆದರಿ ಒತ್ತಿದ್ದು ಹೆಚ್ಚು. ಎರಡನೆಯ ಸಲ ಅವಳು ಪ್ರಾಮಾಣಿಕವಾಗಿ ಕೂತಳು. ನಾನು ಪಕ್ಕದಲ್ಲಿ ನಿಂತು ಕಿವಿಗೊಟ್ಟೆ. ಯಂತ್ರ ಗುಂಯ್ ಅನ್ನುತ್ತಲೇ ಇತ್ತು. ಟಕ್ ಎಂಬ ಸದ್ದು ಬಹಳ ಹೊತ್ತಿಗೊಮ್ಮೆ ಬರುತ್ತಿತ್ತು.

ಡಾಕ್ಟರು ಹನಿ ಬರೆದುಕೊಟ್ಟು, ಒಂದು ವಾರ ಹಾಕಿ, ಒತ್ತಡ ಇಳಿಯುತ್ತದೋ ನೋಡಿ ಆಮೇಲೆ ಹೇಳುತ್ತೇನೆ ಅಂದರು. ಹೀಗಾಗಿ ನಮಗೆ ಒಂದು ವಾರ ಕಾಯುವ ಕೆಲಸ ಬಂತು.

ರಾಯಪುರಂ

ಸಮುದ್ರವನ್ನು ಅವ್ವ ನೋಡಿರಲಿಲ್ಲ. ಗಿರಿಜಮ್ಮನೇ ಕರೆದುಕೊಂಡು ಹೋದರು. ಬೀಚ್ ಸ್ಟೇಷನ್ನಿನವರೆಗೆ ಲೋಕಲ್ ರೈಲು, ಅಲ್ಲಿಂದ ಬಸ್ಸು. ರಾಯಪುರಂನಲ್ಲಿ ಮರಳಿನ ದಡ ಕಾಣಲಿಲ್ಲ. ಅಲೆ ತಡೆಯಲು ಹಾಕಿದ ದೊಡ್ಡ ಬಂಡೆಗಳು, ಒಣಗುವ ಬಲೆ, ಮೀನಿನ ಗಮಲು, ದೂರದಲ್ಲಿ ಬಂದರಿನ ಕ್ರೇನುಗಳು. ಬಲೆ ಹೊಲಿಯುತ್ತಿದ್ದ ಒಬ್ಬ ಹೆಂಗಸು ಅವ್ವನ ನಡಿಗೆ ನೋಡಿ, ತಾನು ಕೂತಿದ್ದ ಕಲ್ಲನ್ನು ಮಾತಿಲ್ಲದೆ ಬಿಟ್ಟುಕೊಟ್ಟಳು.

ಅವ್ವ ಕೂತು ಬಹಳ ಹೊತ್ತು ತಲೆಯನ್ನು ಆಚೆ ಈಚೆ ತಿರುಗಿಸುತ್ತಿದ್ದಳು. ನಾನು ಹಿಗ್ಗಿನಿಂದ ಕೇಳಿದೆ, "ಹೆಂಗೈತಿ ಬೇ?"

"ಒಂದ ದೋಣಿ ಕಾಣ್ತು. ಆಮ್ಯಾಲ ಬರೇ ನೀರು. ಆಮ್ಯಾಲ ಒಂದ ಕಲ್ಲು." ತಲೆ ಇನ್ನೊಮ್ಮೆ ತಿರುಗಿಸಿದಳು. "ಎಲ್ಲಾ ಕೂಡೇ ಕಾಣವಲ್ದವಾ. ಹರದ ಹಾಳಿ ಜೋಡಿಸಿಧಂಗ ಆಗಾಕತ್ತೈತಿ. ಒಂದ ತುಂಡ ಸಿಕ್ರ ಇನ್ನೊಂದ ಸಿಗವಲ್ದು."

ಎದುರಿಗೆ ಅಷ್ಟಗಲ ಸಮುದ್ರ. ಗಿರಿಜಮ್ಮ ಬೇರೆ ಕಡೆ ಮುಖ ತಿರುಗಿಸಿಕೊಂಡು ಮೂಗು ಒರೆಸಿಕೊಂಡರು.

"ಸಪ್ಪಳ ಪೂರ್ತಿ ಕೇಳ್ತೈತಿ ಬಿಡು," ಎಂದು ಅವ್ವನೇ ನಮಗೆ ಸಮಾಧಾನ ಹೇಳಿದಳು.

ವೆಸ್ಟ್ ಮಾಂಬಲಂ, ಗುರುವಾರ

ಈ ಭಾಗವನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದಕ್ಕೆ ಅರ್ಥವಿರುವುದಿಲ್ಲ.

ನಾನು ನಾಲ್ಕು ದಿನ ಕೂತು ಒಂದು ಶಾಲೆ ಕಟ್ಟಿದ್ದೆ. ಎರಡು ಗೋಡೆ, ಇಳಿಜಾರು ಮಾಡು, ತೆರೆಯುವ ಬಾಗಿಲು, ಮುಂದೆ ಧ್ವಜದ ಕಂಬ. ಕೋನಗಳೆಲ್ಲ ಅಳೆದದ್ದು. ಗುರುವಾರ ಬೆಳಿಗ್ಗೆ ಕೊನೆಯ ಅಂಟು ಹಚ್ಚಿ, ಗಿರಿಜಮ್ಮ ಹೇಳಿದ ಹಾಗೆ ಕಾರ್ಡನ್ನು ಅರ್ಧ ತೆರೆದು, ಎರಡು ಸ್ಟೀಲ್ ಡಬ್ಬಿಗಳ ನಡುವೆ ಆರಲು ನಿಲ್ಲಿಸಿ, ಅವ್ವನನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೂ ತರಕಾರಿಗೆ ಹೋದೆವು.

ಬಂದು ನೋಡಿದರೆ ಡಬ್ಬಿಗಳಿದ್ದವು, ಶಾಲೆ ಇರಲಿಲ್ಲ.

ಅವ್ವ ಅದನ್ನು ಮುಚ್ಚಿ, ಗಂಟಿನಲ್ಲಿ ಊರಿಂದ ತಂದಿದ್ದ ತನ್ನ ಎಲುಬಿನ ಪಟ್ಟಿಯಿಂದ ನಾಲ್ಕೂ ಕಡೆ ಚೆನ್ನಾಗಿ ಉಜ್ಜಿ, ಅಕ್ಕಿಯ ಡ್ರಮ್ಮಿನ ಅಡಿ ಇಟ್ಟಿದ್ದಳು. ಹಸಿ ಅಂಟು ಗೋಡೆಗೆ ಮಾಡನ್ನೂ, ಮಾಡಿಗೆ ಬಾಗಿಲನ್ನೂ ಕಚ್ಚಿಸಿಬಿಟ್ಟಿತ್ತು. ಬಿಡಿಸಲು ಹೋದರೆ ಕಂಬ ಹರಿದು ಕೈಗೆ ಬಂತು.

"ಏನ್ ಮಾಡಿದಿ ಬೇ ಇದು?"

"ಹಾಳಿ ಎದ್ದಿದ್ವು. ಅಂಟು ಹಸಿ ಇದ್ದಾಗನ ಒತ್ತಬೇಕು. ಇಲ್ಲಾಂದ್ರ ಸೊಟ್ಟ ಆಗ್ತಾವ."

ಆಗ ನಾನಂದೆ. ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. "ಎರಡಕ್ಷರ ಕಲ್ತಿದ್ರ ತಿಳೀತಿತ್ತು ನಿನಗ. ಜೀವನಾನ ಉಜ್ಜೂದ್ರಾಗ ಕಳದಿ. ಮಲಗಿದ್ದು ಬಿಟ್ರ ಬ್ಯಾರೇದು ಗೊತ್ತಾಗೂದಿಲ್ಲ ನಿನಗ. ಸಾಕು. ಇನ್ನ ಆ ಬೈಂಡಿಂಗಿಗೆ ನೀ ಹೋಗೂದು ಬ್ಯಾಡ."

ಅವ್ವ ಎಲುಬಿನ ಪಟ್ಟಿಯನ್ನು ಸೆರಗಿನಿಂದ ಒರೆಸಿ, ತಡಕಾಡಿ ಗಂಟಿನೊಳಗೆ ಇಟ್ಟಳು.

ಗಿರಿಜಮ್ಮ ತರಕಾರಿ ಚೀಲವನ್ನು ದೊಪ್ಪನೆ ಇಳಿಸಿದರು. "ಪೋದುಂ! ಸಾಕು ನಿಲ್ಸು. ಓದಿದ ಬಾಯಾ ಇದು?" ಆಮೇಲೆ ಹಾಳಾದ ಕಾರ್ಡನ್ನು ಕೈಗೆತ್ತಿಕೊಂಡು ಕಿಟಕಿಯ ಬಳಿ ಹಿಡಿದರು. ಬೆರಳನ್ನು ಮಡಿಕೆಯ ಮೇಲೆ ಓಡಿಸಿದರು. "ಇಲ್ಲಿ ನೋಡಮ್ಮಾ ಟೀಚರ್. ಇಷ್ಟು ವರ್ಷ ಮಾಡ್ತಿದೀನಿ, ಇಂಥ ಮಡಿಕೆ ನನ್ನ ಕೈಲಿ ಒಂದು ದಿನ ಬರ್ಲಿಲ್ಲ. ಕೂದಲು ಎಳೆದ ಹಾಗಿದೆ. ಒಂದೇ ಕಣ್ಣಲ್ಲಿ, ಅದೂ ಅರೆ ಕಣ್ಣಲ್ಲಿ."

ಗೋಡೆಯ ಕಡೆಯಿಂದ ಅವ್ವನ ದನಿ ಬಂತು, ನನಗಲ್ಲ, ಅವರಿಗೆ. "ಯಕ್ಕಾ, ಒತ್ತಿದ್ದು ನಂದ ತಪ್ಪು. ಆದ್ರ ಅಕಿ ಬಲಗಡಿ ಗ್ವಾಡಿ ಎಳಿ ಅಡ್ಡ ಹಿಡದಾಳ. ನಿಂತಿದ್ರೂ ನಾಕ ದಿನಕ್ಕ ಮಡಿಕಿ ಒಡೀತಿತ್ತು."

"ಎಳೆ ಅಂದ್ರೆ?"

ಅವ್ವ ಒಂದು ಹಳೆಯ ಕರೆಯೋಲೆ ಕೇಳಿ ಇಸಿದುಕೊಂಡಳು. ಕಣ್ಣು ಮುಚ್ಚಿದಳು. ಒಂದು ಕಡೆಯಿಂದ ಹರಿದಳು: ಗೆರೆ ಹೊಡೆದಂತೆ ನೆಟ್ಟಗೆ ಹರಿಯಿತು. ಇನ್ನೊಂದು ಕಡೆಯಿಂದ ಹರಿದಳು: ಹಲ್ಲು ಹಲ್ಲಾಗಿ ಅಡ್ಡಾದಿಡ್ಡಿ ಹೋಯಿತು. "ಕಾಗದಕ್ಕೂ ಅರಿಬಿ ಗತೆ ಎಳಿ ಇರ್ತತಿ. ಮಡಿಕಿ ಎಳಿ ಗುಂಟ ಹೋಗಬೇಕು. ಅಡ್ಡ ಹೋದ್ರ ಒಡೀತತಿ. ನೋಡಬೇಕಂತಿಲ್ಲ, ಸಪ್ಪಳದ ಮ್ಯಾಲ ತಿಳೀತತಿ."

ನಾನು ಹಾಳಾದ ಶಾಲೆಯ ಬಲಗೋಡೆಯನ್ನು ನೋಡಿದೆ. ಮಡಿಕೆಯ ಗುಂಟ ಕಾಗದ ಸಣ್ಣಗೆ ಬಿರಿದು ಬಿಳಿ ಹುಡಿ ಎದ್ದಿತ್ತು. ನಾಲ್ಕು ದಿನ ಕೋನಮಾಪಕ ಹಿಡಿದು ಕೂತವಳಿಗೆ ಅದು ಕಂಡಿರಲಿಲ್ಲ.

ಮರುದಿನ

ಗುರುವಾರ ಉಳಿದ ಹೊತ್ತೆಲ್ಲ ಅವ್ವ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. "ಹನಿ ಹಾಕು." "ನೀರು ಕೊಡು." ಮೂರು ಹೊತ್ತೂ ಅನ್ನವೇ ಎಂದು ದಿನಾ ಗೊಣಗುತ್ತಿದ್ದವಳು ಅದನ್ನೂ ನಿಲ್ಲಿಸಿದ್ದಳು. ಗೊಣಗದ ಅವ್ವನನ್ನು ನನಗೆ ನೋಡಲಾಗಲಿಲ್ಲ.

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಹೇಳುವ ರೂಢಿಯಿಲ್ಲ. ಆ ಮಾತು ನಾಲಿಗೆಗೆ ಬರುವುದೇ ಇಲ್ಲ. ನಾನು ಶುಕ್ರವಾರ ಬೆಳಿಗ್ಗೆ ಒಂದು ನೀಲಿ ಕರೆಯೋಲೆ ಹುಡುಕಿ ತೆಗೆದು, ಅವ್ವನ ಮುಂದೆ ಕೂತು, ಅವಳ ಕೈಯಲ್ಲಿಟ್ಟೆ.

"ಎಳಿ ಯಾವ ಕಡಿಗೈತಿ ನೋಡಬೇ."

ಅವ್ವ ಕಾಗದವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿದಳು. "ಹಿಂಗ. ಪೆನ್ನು ಹಿಡಿ, ಗುರುತು ಮಾಡು."

ಏನು ಮಾಡುತ್ತಿದ್ದೇನೆ ಎಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ನಾನು ಕತ್ತರಿಸಿ ಕೊಟ್ಟೆ, ಅವಳು ಮಡಚಿ ಕೊಟ್ಟಳು. ಗಿರಿಜಮ್ಮ ಎಲ್ಲಿ ಅಂಟು, ಎಲ್ಲಿ ಬೇಡ ಎಂದು ಬೆರಳಿಟ್ಟು ತೋರಿಸಿದರು. ಮಧ್ಯಾಹ್ನಕ್ಕೆ ಅಂಟು ಹಚ್ಚಿ ಡಬ್ಬಿಗಳ ನಡುವೆ ನಿಲ್ಲಿಸಿದೆವು. ಅವ್ವ ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ಏನಕ್ಕಾ, ಕೈ ಕಟ್ಟಿ ಹಾಕ್ಕೊಂಡ್ರಾ?" ಎಂದು ಗಿರಿಜಮ್ಮ ಕೇಳಿದರು.

"ನಂಬಿಕಿ ಇಲ್ಲ ಯಕ್ಕಾ ಇವುಕ್ಕ. ಎದ್ದದ್ದು ಕಂಡ್ರ ಓಡ್ತಾವ," ಅಂದಳು ಅವ್ವ. ಎರಡು ದಿನದಲ್ಲಿ ಮೊದಲ ಸಲ ಮೂವರೂ ನಕ್ಕೆವು.

ಮತ್ತೆ ಆಸ್ಪತ್ರೆ

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅವ್ವನಿಗೆ ಕನ್ನಡ ಮಾಡಬೇಕಿತ್ತು. ಡಿಗ್ರಿ ಓದಿದ್ದಕ್ಕೆ ಆ ದಿನದಷ್ಟು ಕಷ್ಟ ಎಂದೂ ಪಟ್ಟಿರಲಿಲ್ಲ. ಬಲಗಣ್ಣು ಬರುವುದಿಲ್ಲ. ಎಡಗಣ್ಣಿನಲ್ಲಿ ಸುತ್ತಲಿನದೆಲ್ಲ ಹೋಗಿದೆ, ನಡುವೆ ಒಂದು ಸಣ್ಣ ಸುತ್ತು ಉಳಿದಿದೆ. ಹೋದದ್ದನ್ನು ಯಾರೂ ತಂದುಕೊಡಲಾರರು. ಹನಿಯಿಂದ ಒತ್ತಡ ಇಳಿದಿದೆ. ದಿನಕ್ಕೆ ಎರಡು ಸಲ ಬಿಡದೆ ಹಾಕಿ, ಹೇಳಿದಾಗಲೆಲ್ಲ ತೋರಿಸಿದರೆ ಉಳಿದದ್ದು ಬಹಳ ವರ್ಷ ಉಳಿಯಬಹುದು.

ಅವ್ವ ತಲೆಯಾಡಿಸುತ್ತ ಕೇಳಿದಳು. ಅಳಲಿಲ್ಲ. "ಅವ್ರನ್ನ ಒಂದ ಮಾತ ಕೇಳು. ಕೈಯಾಗ ಹಿಡದ ಹಾಳಿ ಅಂಚು ಕಾಣೂವಷ್ಟು ಉಳೀತತೇನು?"

ಕೇಳಿದೆ. ಡಾಕ್ಟರು ಒಂದು ಕ್ಷಣ ಅವ್ವನ ಬೆರಳುಗಳನ್ನು ನೋಡಿದರು. ಉಳಿಯುತ್ತದೆ ಅಂದರು. ಕೆಲಸ ಮಾಡಿದರೆ ಕಣ್ಣಿಗೆ ಕೇಡೇನೂ ಇಲ್ಲ, ನಡೆಯುವಾಗ ಮಾತ್ರ ಜೊತೆಗೆ ಯಾರಾದರೂ ಇರಲಿ ಎಂದೂ ಹೇಳಿದರು. ಕೆಲಸದ ಮಾತನ್ನು ಕನ್ನಡ ಮಾಡದೆ ನುಂಗಿಕೊಂಡರೆ ಅವ್ವನಿಗೆ ತಿಳಿಯುತ್ತಿರಲಿಲ್ಲ. ನುಂಗಲು ಹೊರಟಿದ್ದೆ. ಗುರುವಾರ ಅವಳಿಗೆ ಅಂದದ್ದು ನೆನಪಾಯಿತು. ಎಲ್ಲವನ್ನೂ ಹೇಳಿದೆ.

ವಾಪಸು ರೈಲು

ಗಿರಿಜಮ್ಮ ಸೆಂಟ್ರಲ್‌ವರೆಗೆ ಬಂದು, ಮೊಸರನ್ನದ ಡಬ್ಬಿ ಕೊಟ್ಟು, ಅವ್ವನ ಕೈಗೆ ನಾವು ಮೂವರೂ ಮಾಡಿದ ನೀಲಿ ಕಾರ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಗಾಡಿ ಬಿಟ್ಟ ಮೇಲೆ ಬಿಚ್ಚಿ ಅಕ್ಕಾ. ಇಲ್ಲಿ ಬೇಡ, ನಾನು ಅತ್ತುಬಿಡ್ತೀನಿ."

ಬೆಳಗಿನ ಗಾಡಿ. ಊರು ದಾಟಿ ತೆಂಗು, ಇಟ್ಟಿಗೆ ಭಟ್ಟಿ, ಒಣಗಿದ ಕೆರೆ ಹಿಂದೆ ಸರಿಯತೊಡಗಿದವು. ಅವ್ವ ಕಾರ್ಡನ್ನು ತೊಡೆಯ ಮೇಲಿಟ್ಟು ಮೊದಲು ಅಂಚು ಸವರಿದಳು. ಆಮೇಲೆ ಬಿಚ್ಚಿದಳು.

ಮೂರು ಸಾಲು ಅಲೆ ಒಂದರ ಹಿಂದೊಂದು ಎದ್ದವು. ಅವುಗಳ ನಡುವೆ ಒಂದು ದೋಣಿ. ಹಿಂದೆ ಬಂಡೆ, ಬಂದರಿನ ಎರಡು ಕ್ರೇನು. ಎಲ್ಲ ಸೇರಿ ಅಂಗೈಯಗಲ. ಅವ್ವ ಅದನ್ನು ಮುಖದ ಹತ್ತಿರ ತಂದು, ದೂರ ಹಿಡಿದು, ಮತ್ತೆ ಸ್ವಲ್ಪ ಹತ್ತಿರ ತಂದು, ಒಂದು ಕಡೆ ನಿಲ್ಲಿಸಿದಳು. ರಾಯಪುರಂನಲ್ಲಿ ತಿರುಗಿಸಿದ ಹಾಗೆ ತಲೆ ತಿರುಗಿಸಲಿಲ್ಲ. ನೆಟ್ಟಗೆ ನೋಡಿದಳು.

"ಇದು ಪೂರ್ತಿ ಕಾಣ್ತತಿ," ಅಂದಳು.

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಕಾರ್ಡಿನಿಂದ ಕಣ್ಣು ತೆಗೆಯದೆ ಅಂದಳು, "ಸೋಮವಾರ ನಾ ಹೋಗ್ತೇನಿ."

ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಬೇಡ ಅನ್ನಲು ಹತ್ತು ದಿನದಿಂದ ಕಟ್ಟಿಟ್ಟುಕೊಂಡ ಮಾತುಗಳು ನನ್ನ ಬಳಿ ಇದ್ದವು.

"ಹೋಗು. ಮುಂಜಾನೆ ನಾನ ಬಿಟ್ಟ ಬರ್ತೇನಿ. ಹನಿ ತಪ್ಪಸಬ್ಯಾಡ," ಅಂದೆ.

ಆಗಲೇ ಕಿಟಕಿಯಿಂದ ಗಾಳಿ ನುಗ್ಗಿತು. ಅಲೆಗಳು ಪಟಪಟ ಬಡಿದುಕೊಂಡವು, ದೋಣಿ ಒಂದು ಕಡೆ ವಾಲಿತು. ಅವ್ವನ ಕೈ ಮೇಲೆದ್ದಿತು. ಮೂವತ್ತನಾಲ್ಕು ವರ್ಷದ ಕೈ ಅದು, ಈಗ ಮುಚ್ಚಿ ಒತ್ತಿಯೇಬಿಡುತ್ತದೆ ಅಂದುಕೊಂಡೆ. ಆದರೆ ಅದು ಕೆಳಗಿಳಿಯಲಿಲ್ಲ. ಎರಡೂ ಅಂಗೈಗಳನ್ನು ಅರ್ಧ ಮಡಚಿ, ಹಾಳೆಗೆ ತಾಗದ ಹಾಗೆ, ಗಾಳಿಗೆ ಅಡ್ಡವಾಗಿ ಸುತ್ತ ಹಿಡಿದಳು. ಜೋಲಾರಪೇಟೆ ಬರುವವರೆಗೂ ಹಾಗೆಯೇ ಹಿಡಿದುಕೊಂಡಿದ್ದಳು.